ಮೂರು ಕಾಲಿಗೆ ಲಾಳ

"ಹಿಡ್ಕೊಳ್ರೋ! ಗಟ್ಟಿಯಾಗಿ ಹಿಡ್ಕೊಳ್ರೋ! ಅಯ್ಯೋ, ಬಿಟ್ನಲ್ಲೋ!"

ಬುಡನ್ ಸಾಬರು ತಲೆಯ ಟೋಪಿ ಕಿತ್ತು ನೆಲಕ್ಕೆ ಬಡಿದರು. ಚನ್ನಗಿರಿಯ ಬಯಲು, ಕಬಡ್ಡಿ ಆಟ. ಎರಡೂ ಕಡೆ ಸಮಸಮ ಆಗಿತ್ತು. ಕೊನೆಗೆ ದಮ್ಮು ಹಿಡಿದು ಬಂದ ಚನ್ನಗಿರಿಯ ಹುಡುಗನನ್ನು ನಮ್ಮ ನ್ಯಾಮತಿಯ ಹಾಲೇಶ ಕಣಕಾಲಿಗೆ ಕೈ ಹಾಕಿ ಕೆಡವಿದ್ದ. ಹುಡುಗ ನಡುಗೆರೆಗೆ ಒಂದು ಮೊಳ ಈಚೆ ಬೋರಲು ಬಿದ್ದಿದ್ದ. ಅವನ ದಮ್ಮು ಮುಗಿಯುವ ತನಕ ಹಿಡಿದಿದ್ದರೆ ಸಾಕು, ಗೆಲ್ಲುತ್ತಿದ್ದೆವು. ಹಾಲೇಶ ಆಗಲೇ ಗೆದ್ದೆವು ಅಂದುಕೊಂಡು ಒಂದು ಕೈ ಎತ್ತಿ, ನಗುತ್ತಾ, ನಮ್ಮ ಕಡೆ ಬೀಸಿದ. ಅಷ್ಟರಲ್ಲಿ ಆ ಹುಡುಗ ಕಾಲು ಝಾಡಿಸಿ ಬಿಡಿಸಿಕೊಂಡು ಕೈ ಚಾಚಿ ಗೆರೆ ಮುಟ್ಟಿದ. ಸೀಟಿ ಊದಿದರು. ಸೋತೆವು.

"ಕೈ ಎತ್ತಾಕೆ ಇದೇನು ಮದುವೆ ಮೆರವಣಿಗೇನೋ?" ಎಂದು ನಮ್ಮ ಕಡೆಯ ಒಬ್ಬ ಕೂಗಿದ.

"ಇವರ ಆಟ ನೋಡಾಕೆ ಮನೆ ಬಿಟ್ಟು ಬಂದ್ವಲ್ಲ, ನಮ್ಮನ್ನ ಮೊದ್ಲು ಹೊಡೀಬೇಕು" ಎಂದ ಇನ್ನೊಬ್ಬ.

ಬುಡನ್ ಸಾಬರು ಟೋಪಿಯ ಮಣ್ಣು ಕೊಡವಿ ಹಾಕಿಕೊಂಡು ನನ್ನ ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತರು. ನ್ಯಾಮತಿ ಬರುವ ತನಕ ಹಾಗೇ ಕೂತಿದ್ದರು. ಬೇರೆ ದಿನ ಆಗಿದ್ದರೆ ದಾರಿಯುದ್ದಕ್ಕೂ ಒಬ್ಬೊಬ್ಬನ ತಪ್ಪನ್ನೂ ಎತ್ತಿ ಆಡುತ್ತಿದ್ದರು. ಆವತ್ತು ಮಾತಾಡದೇ ಇದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಅವರ ಕಸುಬು ಎತ್ತುಗಳಿಗೆ ಲಾಳ ಕಟ್ಟುವುದು. ನ್ಯಾಮತಿಯ ಸಂತೆ ಮೈದಾನದ ಮೂಲೆಯಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಒಂದು ಗೋಣಿಚೀಲ, ಹಗ್ಗ, ಸುತ್ತಿಗೆ, ಉಳಿ, ಮೊಳೆಯ ಡಬ್ಬಿ. ಅಷ್ಟೇ ಅಂಗಡಿ. ಕುಳ್ಳು ಮನುಷ್ಯ. ಮುಂಗೈ ಮಾತ್ರ ಗಾಡಿಯ ಮೂಕಿಯ ಹಾಗೆ ಗಟ್ಟಿ. ಎತ್ತಿನ ಕಿವಿಯ ಹತ್ತಿರ ಏನೋ ಗೊಣಗುತ್ತಾ ಕಾಲಿಗೆ ಹಗ್ಗ ಸುತ್ತಿ ಎಳೆದರೆ, ಹಾಯುವ ಹೋರಿ ಕೂಡ ಮೆತ್ತಗೆ ಮಗ್ಗುಲಾಗುತ್ತಿತ್ತು. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಲಾಳ ಬಿಟ್ಟರೆ ನ್ಯಾಮತಿಯ ಕಬಡ್ಡಿ ಪಾರ್ಟಿ, ಇವೆರಡೇ ಅವರಿಗೆ ಇದ್ದದ್ದು.

ಚಿಕ್ಕವರಿದ್ದಾಗ ನೀವೂ ಆಡ್ತಿದ್ರಾ ಎಂದು ಒಂದು ಸಲ ಕೇಳಿದೆ.

"ಎಲ್ಲಿ ಆಟ ಸಿದ್ದ್ಯಾ? ಕೈಗೆ ಬಲ ಬಂದ ದಿನಾನೇ ನಮ್ಮಪ್ಪ ಸುತ್ತಿಗೆ ಕೊಟ್ಟ. ಬಯಲಾಗೆ ಹುಡುಗ್ರು ಆಡೋರು. ನಾನು ಎತ್ತಿನ ಕಾಲು ಹಿಡ್ಕಂಡು ಅವರನ್ನೇ ನೋಡ್ತಿದ್ದೆ. ಒಂದಿನ ನೋಡ್ತಾ ನೋಡ್ತಾ ಹೆಬ್ಬೆಟ್ಟಿಗೇ ಮೊಳೆ ಹೊಡ್ಕಂಡೆ."

ಆ ಹೆಬ್ಬೆಟ್ಟು ತೋರಿಸಿದರು. ಉಗುರು ಇರಲಿಲ್ಲ.

ನಮ್ಮ ಪಾರ್ಟಿಯ ಆಟ ಹೇಗಿತ್ತು ಎಂದು ಹೇಳಬೇಕು. ಕೆಟ್ಟ ಆಟಗಾರರಲ್ಲ. ಮೈಯಲ್ಲಿ ಬಲ ಇತ್ತು, ಓಟ ಇತ್ತು. ಗಮನ ಇರಲಿಲ್ಲ. ಒಬ್ಬ ಆಟದ ನಡುವೆ ಕಚ್ಚೆ ಬಿಗಿದುಕೊಳ್ಳಲು ನಿಲ್ಲುತ್ತಿದ್ದ. ಒಬ್ಬ ಯಾರೂ ಮುಟ್ಟದಿದ್ದರೂ ತಾನೇ ಗೆರೆ ದಾಟಿ ಹೊರಗೆ ಹೋಗುತ್ತಿದ್ದ. ಇಬ್ಬರು ಒಟ್ಟಿಗೆ ಹಿಡಿಯಲು ನುಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದು ಕೂರುತ್ತಿದ್ದರು, ಹಿಡಿಯಬೇಕಾದವನು ನಡೆದುಕೊಂಡು ವಾಪಸ್ಸು ಹೋಗುತ್ತಿದ್ದ. ಇದನ್ನೆಲ್ಲ ನೋಡುತ್ತಾ ಹೊಟ್ಟೆ ಉರಿಸಿಕೊಳ್ಳುವುದೇ ನಮ್ಮ ಕೆಲಸ. ಸೋತು ಬಂದಾಗೆಲ್ಲ ಇನ್ನು ಈ ದರಿದ್ರ ಆಟಕ್ಕೆ ಹೋಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಮುಂದಿನ ಆಟಕ್ಕೆ ನನ್ನ ಗಾಡಿ ತುಂಬುತ್ತಿತ್ತು. ಬುಡನ್ ಸಾಬರು ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು.

ಬೈದು ಸುಮ್ಮನಾಗುವವರು ನಾವು. ಅವರು ಶಿಕ್ಷೆಯನ್ನೂ ಕೊಡುತ್ತಿದ್ದರು.

ಅದು ಶುರುವಾದದ್ದು ಹೊನ್ನಾಳಿಯ ಆಟದ ನಂತರ. ನಮ್ಮ ಕ್ಯಾಪ್ಟನ್ ಚಂದ್ರಪ್ಪ ಆಟದ ನಡುವೆ ರೆಫ್ರಿಯ ಜೊತೆ ಜಗಳಕ್ಕೆ ನಿಂತ. ಹೊನ್ನಾಳಿಯವನು ಬಂದು ಚಂದ್ರಪ್ಪನ ಬೆನ್ನು ಮುಟ್ಟಿ, ಆ ಜಗಳ ನೋಡುತ್ತಾ ನಿಂತಿದ್ದ ಇನ್ನಿಬ್ಬರನ್ನೂ ಮುಟ್ಟಿ ಹೋದ. "ಪಂಚಾಯ್ತಿ ಆಮೇಲೆ ಮಾಡೋ, ಮೊದ್ಲು ಹಿಂದೆ ನೋಡೋ!" ಎಂದು ಸಾಬರು ಗಂಟಲು ಹರಿದುಕೊಂಡರು. ಯಾರೂ ಕೇಳಲಿಲ್ಲ. ಆ ವಾರವೇ ಚಂದ್ರಪ್ಪ ತನ್ನ ಎತ್ತು ಹೊಡೆದುಕೊಂಡು ಹುಣಸೆಮರದ ಕೆಳಗೆ ಬಂದ. ಸಾಬರು ಎತ್ತು ಕೆಡವಿ ಮೂರು ಕಾಲಿಗೆ ಲಾಳ ಹೊಡೆದು ಹಗ್ಗ ಬಿಚ್ಚಿದರು.

"ಆತು. ಹೊಡ್ಕಂಡು ಹೋಗು."

"ನಾಕನೇ ಕಾಲು ಸಾಬ್ರೆ?"

"ಅದನ್ನ ಹೊನ್ನಾಳಿ ರೆಫ್ರಿ ಹತ್ರ ಕೇಳ್ಕ."

ಸುತ್ತ ನಿಂತವರೆಲ್ಲ ನಕ್ಕರು. ಚಂದ್ರಪ್ಪ ತಲೆ ಕೆರೆದುಕೊಂಡು ನಿಂತ. ಸಾಬರು ಆಟದ ಮೊದಲಿನಿಂದ ಕೊನೆಯವರೆಗೆ ಅವನು ಏನೇನು ಹಾಳು ಮಾಡಿದ ಎಂದು ಹೇಳಿದರು. ಕೊನೆಗೆ ಅವನು "ತಪ್ಪಾತು ಸಾಬ್ರೆ, ಇನ್ನೊಂದ್ಸಲ ಬಾಯಿ ಬಿಡಲ್ಲ" ಅಂದ. ಆಮೇಲೆ ಎತ್ತನ್ನು ಮತ್ತೆ ಕೆಡವಿ ನಾಲ್ಕನೆಯ ಕಾಲಿಗೂ ಲಾಳ ಹೊಡೆದರು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಸೋತು ಬಂದ ವಾರ ಯಾವ ಆಟಗಾರನ ಎತ್ತು ಬಂದರೂ ಮೂರೇ ಕಾಲು. ತಪ್ಪು ಒಪ್ಪಿಕೊಂಡರೆ ನಾಲ್ಕನೆಯದು. ಜನ ಅದನ್ನು ನೋಡಲೆಂದೇ ಮರದ ಕೆಳಗೆ ಸೇರುತ್ತಿದ್ದರು. ಆಟಗಾರರೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಊರಿಗೆ ಅದೊಂದು ತಮಾಷೆ. ಸಾಬರಿಗೆ ಮಾತ್ರ ತಮಾಷೆ ಆಗಿರಲಿಲ್ಲ.

ಹಾಲೇಶನ ಎತ್ತಿಗೆ ಮಾತ್ರ ಯಾವತ್ತೂ ಹೀಗಾಗಿರಲಿಲ್ಲ. ಅವನು ಹಿಡಿದರೆ ಬಿಡುವವನಲ್ಲ. ಪಾರ್ಟಿಯಲ್ಲಿ ಮೈಮೇಲೆ ಎಚ್ಚರ ಇಟ್ಟುಕೊಂಡು ಆಡುವವನು ಅವನೊಬ್ಬನೇ. ಸಾಬರು ಅವನನ್ನು ಎದುರಿಗೆ ಹೊಗಳಿದ್ದು ನಾನು ಕೇಳಿಲ್ಲ. ಅವನು ಇಲ್ಲದಾಗ ಹೇಳುತ್ತಿದ್ದರು: "ನನಗೊಬ್ಬ ಮಗ ಅಂತ ಇದ್ದಿದ್ರೆ ಹಿಂಗೇ ಹಿಡೀತಿದ್ದ." ಅಂಥವನೇ ಚನ್ನಗಿರಿಯಲ್ಲಿ ಕೈ ಬಿಟ್ಟ.

ಬಂದ ನಾಲ್ಕೈದು ದಿನಕ್ಕೆ ಹಾಲೇಶ ತನ್ನ ಕೆಂದ ಎತ್ತನ್ನು ತಂದ. ನಾನೂ ಅಲ್ಲಿದ್ದೆ, ಎತ್ತಿನ ಕೊಂಬು ಹಿಡಿದಿದ್ದೆ. ಸಾಬರು ಮಾತಿಲ್ಲದೆ ನಾಲ್ಕೂ ಗೊರಸು ಹೆರೆದರು. ಹೆರೆಯದೆ ಲಾಳ ಕೂರುವುದಿಲ್ಲ. ಬೇರೆಯವರಿಗೆ ಮೂರು ಕಾಲು ಕಟ್ಟುವಾಗ ನಾಲ್ಕನೆಯ ಗೊರಸನ್ನು ಹೆರೆಯದೆ ಬಿಡುತ್ತಿದ್ದರು. ಆವತ್ತು ಹೆರೆದರು ಅಂದರೆ, ಹಾಲೇಶನಿಗೆ ಶಿಕ್ಷೆ ಕೊಡುವ ಮನಸ್ಸು ಅವರಿಗೆ ಇರಲಿಲ್ಲ. ಅಷ್ಟು ನನಗೆ ಗೊತ್ತು.

ಮೂರನೆಯ ಕಾಲು ಮುಗಿಯುತ್ತಿದ್ದಾಗ ನಿಂತವರಲ್ಲಿ ಯಾರೋ ಒಬ್ಬ, "ಹಾಲೇಶಪ್ಪಾ, ಚನ್ನಗಿರೀಲಿ ಯಾರಿಗೋ ಕೈ ಬೀಸಿದ್ದು? ಹೆಣ್ಣು ಗಿಣ್ಣು ನೋಡಿದ್ದೇನು?" ಅಂದ.

ಹಾಲೇಶ ನಕ್ಕು, "ಹೋಗ್ಲಿ ಬಿಡ್ರಪ್ಪ, ಆಟ ತಾನೇ" ಅಂದ.

ಸಾಬರ ಸುತ್ತಿಗೆ ನಿಂತಿತು.

"ಆಟ ತಾನೇನಾ?"

"ಮತ್ತಿನ್ನೇನು ಸಾಬ್ರೆ?"

ಸಾಬರು ಹಗ್ಗ ಬಿಚ್ಚಿದರು. ಎತ್ತು ಎದ್ದು ನಿಂತಿತು. ಹಿಂದಿನ ಎಡಗಾಲು ಬರಿದು.

"ಇನ್ನೊಂದು ಐತಲ್ಲ ಸಾಬ್ರೆ."

"ಕೈ ಎತ್ತಿ ಬೀಸು. ಅದೇ ಹಾರಿ ಬಂದು ಕೂತ್ಕಂತೈತೆ."

ಜನ ಹೋ ಎಂದು ನಕ್ಕರು. ಹಾಲೇಶನ ಮುಖ ಕೆಂಪಾಯಿತು.

"ತಪ್ಪಾತು ಅನ್ನು, ಹೊಡೀತೀನಿ" ಎಂದರು ಸಾಬರು.

"ಅನ್ನಲ್ಲ. ಇಷ್ಟು ವರ್ಷ ನಾನೊಬ್ನೇ ಹಿಡ್ದೆ. ಉಳಿದೋರೆಲ್ಲ ಕೈ ಬಿಟ್ರು, ನಾನು ಹಿಡ್ದೆ. ಒಂದಿನನಾದ್ರೂ ಸಬಾಸ್ ಹಾಲೇಶ ಅಂದೀರೇನ್ರಿ?"

"ಹಿಡಿಯೋದು ನಿನ್ ಕೆಲಸ. ಅದಕ್ಕೆಂಥ ಸಬಾಸು?"

"ಹಂಗಾರೆ ಲಾಳ ಕಟ್ಟೋದು ನಿಮ್ ಕೆಲಸ. ಅದಕ್ಕೆಂಥ ತಪ್ಪಾತು?"

ಯಾರೂ ನಗಲಿಲ್ಲ. ಅವನು ಎತ್ತಿನ ಮೂಗುದಾರ ಹಿಡಿದು ಹೊರಟೇಬಿಟ್ಟ. ಸಾಬರು ಕರೆಯಲಿಲ್ಲ.

ಮಾರನೆಯ ದಿನ ಬರುತ್ತಾನೆ ಎಂದು ಕಾದರು. ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂದು ಕಾಲಿನ ಲಾಳ ಆರಿಸಿ, ಮೊಳೆ ಆರಿಸಿ, ಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕೆ ಇಟ್ಟುಕೊಂಡಿದ್ದರು.

"ಸಾಬ್ರೆ, ಗೊರಸು ಹೆರೆದೈತೆ. ಬರಿಗಾಲಾಗೆ ಜಲ್ಲಿ ತುಳಿದ್ರೆ ಎತ್ತು ಕುಂಟ್ತೈತೆ. ನೀವೇ ಹೋಗಿ ಹೊಡ್ದು ಬರ್ರಿ" ಎಂದೆ.

"ನನಗೆ ಗೊತ್ತಿಲ್ಲೇನೋ ಅದು?" ಎಂದು ರೇಗಿದರು.

ಆದರೂ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಹಾಲೇಶನ ಮನೆಯ ಓಣಿಯ ತಿರುವಿನ ತನಕ ಹೋದೆವು. ಅಲ್ಲಿ ಕಟ್ಟೆಯ ಮೇಲೆ ಪಾರ್ಟಿಯ ಇಬ್ಬರು ಹುಡುಗರು ಕೂತಿದ್ದರು. "ಏನ್ ಸಾಬ್ರೆ, ಶಿಕ್ಷೆ ವಾಪಸ್ಸಾ?" ಎಂದರು. ಸುಮ್ಮನೆ ತಮಾಷೆಗೆ ಅಂದದ್ದು. ಸಾಬರು ಅಲ್ಲೇ ನಿಂತರು. ಸ್ವಲ್ಪ ಹೊತ್ತು ಓಣಿಯನ್ನು ನೋಡಿದರು.

"ಅವನೇ ಬರ್ಲಿ" ಎಂದು ತಿರುಗಿದರು.

ನಾನು ಆ ಚೀಲ ಕಿತ್ತುಕೊಂಡು ಹೋಗಬಹುದಿತ್ತು, ಆದರೆ ಲಾಳ ಹೊಡೆಯುವುದು ನನಗೆ ಬರುವುದಿಲ್ಲ. ಹಾಲೇಶನಿಗೆ ಹೇಳಿ ನೋಡಿದೆ. ಅವನು, "ನ್ಯಾಮತೀಲಿ ಬ್ಯಾಡ. ಬುಧವಾರ ಜೋಳ ತುಂಬ್ಕಂಡು ಹೊನ್ನಾಳಿಗೆ ಹೋಗ್ತೀನಲ್ಲ, ಅಲ್ಲೇ ಕಟ್ಟಿಸ್ತೀನಿ" ಎಂದ.

ಬುಧವಾರ ಅವನ ಗಾಡಿ ಮುಂದೆ, ನನ್ನದು ಹಿಂದೆ. ಅರ್ಧ ದಾರಿಗೆ ಕೆಂದ ಕುಂಟುತ್ತಿತ್ತು. ಚೀಲ ನನ್ನ ಗಾಡಿಗೆ ಹಾಕು ಎಂದೆ. "ಬಂದೇ ಬಿಡ್ತಲ್ಲ ಊರು" ಎಂದ. ಹೊನ್ನಾಳಿ ಇನ್ನೇನು ಕಾಣಬೇಕು, ಅಲ್ಲಿ ರಸ್ತೆ ಇಳಿಜಾರು, ಹೊಸ ಜಲ್ಲಿ ಹಾಕಿದ್ದರು. ಗಾಡಿಯ ಭಾರ ಹಿಂದಿನಿಂದ ದಬ್ಬಿತು. ಎತ್ತು ಆ ಕಾಲನ್ನು ಊರಲಾರದೆ ಎತ್ತಿತು, ಜಾರಿತು, ನೊಗದ ಸಮೇತ ಮಗ್ಗುಲಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಸುದ್ದಿ ಮುಟ್ಟಿದ ಕೂಡಲೇ ಸಾಬರು ಬಂದರು. ಆ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ ಓಡಿ ಬಂದರೋ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಹುಲ್ಲು ತಂದು ತಲೆಯ ಕೆಳಗೆ ಇಟ್ಟರು. ಎರಡು ದಿನ ರಸ್ತೆಯ ಪಕ್ಕದಲ್ಲೇ ಕೂತು ಅದರ ಕಿವಿಯಲ್ಲಿ ಮಾತಾಡುತ್ತಿದ್ದರು. ಹಾಲೇಶ ಆಚೆ ಬದಿಯಲ್ಲಿ ಕೂತಿದ್ದ. ನಡುವೆ ಎತ್ತು. ಇಬ್ಬರೂ ಒಂದು ಮಾತಾಡಲಿಲ್ಲ. ಮೂರನೆಯ ದಿನ ಎತ್ತು ಸತ್ತಿತು.

ಆಮೇಲೆ ಊರು ತಿರುಗಿ ಬಿತ್ತು. ಮರದ ಕೆಳಗೆ ನಿಂತು ಹಲ್ಲು ಬಿಟ್ಟವರೇ, "ಆ ಸಾಬ್ರಿಗೆ ಬುದ್ಧಿ ಬ್ಯಾಡ್ವಾ? ಎತ್ತಿನ ಜೊತೆ ಎಂಥ ಚೆಲ್ಲಾಟ?" ಎಂದರು. ಒಬ್ಬೊಬ್ಬರಾಗಿ ಎತ್ತುಗಳನ್ನು ಹೊನ್ನಾಳಿಗೆ ಹೊಡೆಯತೊಡಗಿದರು. ಹುಣಸೆಮರದ ಕೆಳಗೆ ಸಾಬರು ಒಬ್ಬರೇ ಕೂತು ಮೊಳೆಗಳಿಗೆ ಎಣ್ಣೆ ಸವರುತ್ತಿದ್ದರು. ನಾನು ಮಾತ್ರ ನನ್ನ ಎತ್ತುಗಳನ್ನು ಅಲ್ಲಿಗೇ ಒಯ್ಯುತ್ತಿದ್ದೆ. ಕಟ್ಟಿದ ಮೇಲೆ ಒಂದೊಂದು ಕಾಲನ್ನೂ ಎತ್ತಿ ಎತ್ತಿ ನೋಡುತ್ತಿದ್ದರು. ಸಾಕು ಬಿಡ್ರಿ ಎಂದರೂ ಬಿಡುತ್ತಿರಲಿಲ್ಲ.

ಮಳೆ ಬಿದ್ದು ಬಿತ್ತನೆ ಶುರುವಾಯಿತು. ಒಂಟಿ ಎತ್ತಿನಲ್ಲಿ ಹಾಲೇಶ ಏನು ಮಾಡಬೇಕು? ಅವರಿವರ ಎತ್ತು ಕೇಳಿಕೊಂಡು ತಿರುಗಿದ. ಎಲ್ಲರಿಗೂ ಅವರವರ ಹೊಲ. ಒಂದು ಬೆಳಿಗ್ಗೆ ಸಾಬರು ಗುದ್ದಲಿ ಹಿಡಿದು ಅವನ ಹೊಲದ ಬದುವಿನ ಮೇಲೆ ನಿಂತರು. ಹಾಲೇಶ ನೋಡಿದ, ಮುಖ ತಿರುಗಿಸಿದ. ಸಾಬರು ಹೊಲಕ್ಕಿಳಿದು ಅಗೆಯತೊಡಗಿದರು. ಮಧ್ಯಾಹ್ನ ಬುತ್ತಿ ತಂದ ಹಾಲೇಶನ ತಾಯಿ ಅವರ ಹತ್ತಿರ ಹೋಗಿ, "ಸಾಬ್ರೆ, ನೀವು ಕೆಟ್ಟೋರಲ್ಲ, ನನಗೆ ಗೊತ್ತೈತೆ. ಆದ್ರೆ ಮನೆಗೆ ಹೋಗ್ರಿ. ನಿಮ್ಮನ್ನ ನೋಡಿದ್ರೆ ನನ್ನ ಮಗನಿಗೆ ಅನ್ನ ಇಳಿಯಲ್ಲ" ಎಂದಳು.

ಸಾಬರು ಗುದ್ದಲಿಯ ಮಣ್ಣು ಒರೆಸಿಕೊಂಡು ಹೊರಟರು. ಆ ವರ್ಷ ಹಾಲೇಶನ ಅರ್ಧ ಹೊಲ ಬೀಳು ಬಿತ್ತು. ಹೊಲವನ್ನು ದಾಯಾದಿಗಳಿಗೆ ಪಾಲಿಗೆ ಕೊಟ್ಟು, ತಾಯಿಯನ್ನು ಊರಲ್ಲೇ ಬಿಟ್ಟು ಅವನು ಜಗಳೂರಿಗೆ ಅಕ್ಕನ ಮನೆಗೆ ಹೋದ. ಅಲ್ಲಿ ಶೇಂಗಾ ಮಂಡಿಯಲ್ಲಿ ಚೀಲ ಹೊರುವ ಕೆಲಸ ಹಿಡಿದ.

ಹಾಲೇಶ ಹೋದ ಮೇಲೆ ನಮ್ಮ ಪಾರ್ಟಿ ಎಲ್ಲ ಕಡೆ ಸೋತಿತು. ಸಾಬರು ಆಟಕ್ಕೆ ಬರುವುದನ್ನು ಬಿಟ್ಟರು. ಬಾರದಿದ್ದರೂ ನಾನು ಬಂದ ಮೇಲೆ ಕೇಳುತ್ತಿದ್ದರು, "ಏನಾತು?" ಎಂದು. "ಸೋತ್ರು" ಎಂದರೆ "ಹೆಂಗೆ?" ಎಂದು ಕೇಳುತ್ತಿರಲಿಲ್ಲ.

ಮಾರನೆಯ ವರ್ಷ ಜಗಳೂರಿನಲ್ಲಿ ಆಟ ಇಟ್ಟರು. ದೂರದ ಊರು, ಗಾಡಿಯಲ್ಲಿ ಆಗುವುದಲ್ಲ. ಎರಡನೆಯ ದೊಡ್ಡ ಲಡಾಯಿಯ ಕಾಲ, ಪೆಟ್ರೋಲ್ ಇಲ್ಲ, ಬಸ್ಸುಗಳೆಲ್ಲ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಇಳಿದು ದಬ್ಬಬೇಕು. ಬೆಳಿಗ್ಗೆ ಬಸ್ಸು ಹೊರಡುವಾಗ ಸಾಬರು ಬಂದು, ಯಾರನ್ನೂ ಕೇಳದೆ, ಹಿಂದಿನ ಸೀಟಿನಲ್ಲಿ ಇದ್ದಿಲಿನ ಒಲೆಯ ಕಾವಿಗೆ ಕೂತರು. ಅಲ್ಲಿ ಯಾರೂ ಕೂರುವುದಿಲ್ಲ. ಕರೆದವರಿಲ್ಲ, ಬೇಡ ಎಂದವರೂ ಇಲ್ಲ.

ಜಗಳೂರಿನ ಬಯಲಿಗೆ ಹೋದೆವು. ಆ ಕಡೆ ಪಾರ್ಟಿ ಇಳಿಯಿತು. ಮೂರನೆಯವನು ಹಾಲೇಶ.

ನಮ್ಮವರು ಬಾಯಿಗೆ ಬಂದದ್ದು ಬೈದರು. "ಲೇ, ನ್ಯಾಮತಿ ನೀರು ಕುಡ್ದು ಜಗಳೂರಿಗೆ ಆಡ್ತೀಯೇನೋ? ನಾಚ್ಕೆ ಆಗಲ್ವಾ?" ಅವನು ಈ ಕಡೆ ನೋಡಲೇ ಇಲ್ಲ. ಆಟ ಶುರುವಾಯಿತು. ನಮ್ಮ ಹುಡುಗರು ಎಂದಿನ ಹಾಗೆ. ಚಂದ್ರಪ್ಪ ದಮ್ಮು ಹಿಡಿದು ಹೋದ, ಯಾರನ್ನೂ ಮುಟ್ಟದೆ ವಾಪಸ್ಸು ಬರುವಾಗ ಎಡವಿದ, ಹಾಲೇಶ ಅವನ ಕಣಕಾಲಿಗೆ ಕೈ ಹಾಕಿದ. ಎರಡೂ ಕೈ. ಚಂದ್ರಪ್ಪ ಮಣ್ಣು ಗೀರಿದ, ಒದ್ದ, ಉರುಳಾಡಿದ. ಹಾಲೇಶ ಬಿಡಲಿಲ್ಲ. ಸೀಟಿ ಊದಿದ ಮೇಲೂ ಬಿಡಲಿಲ್ಲ. ರೆಫ್ರಿ ಬಂದು ಬಿಡಿಸಬೇಕಾಯಿತು. ನಮ್ಮಲ್ಲಿ ಹೋದ ಒಬ್ಬೊಬ್ಬನನ್ನೂ ಹಾಗೇ ಹಿಡಿದ.

ನಮ್ಮವರು ಹಾಲೇಶನನ್ನು ಬೈಯುವುದು ಬಿಟ್ಟು ನಮ್ಮ ಹುಡುಗರನ್ನು ಬೈಯಲು ಶುರು ಮಾಡಿದರು. "ಹಿಟ್ಟು ತಿಂದೀರೋ ಮಣ್ಣು ತಿಂದೀರೋ?" "ಬಸ್ಸು ದಬ್ಬಾಕೆ ಕರ್ಕಂಡು ಬಂದ್ವಿ ಅಂತ ತಿಳ್ಕಂತೀವಿ ಬಿಡ್ರೋ." ನಾನು ಸಾಬರ ಕಡೆ ನೋಡಿದೆ. ಬಾಯಿ ಬಿಗಿದುಕೊಂಡು ಕೂತಿದ್ದರು. ನಮ್ಮವರು ಬಿದ್ದಾಗಲೂ ಇಲ್ಲ, ಅವರು ಗೆದ್ದಾಗಲೂ ಇಲ್ಲ, ಒಂದು ಸದ್ದು ಇಲ್ಲ.

ಆಟ ಮುಗಿಯಿತು. ಜಗಳೂರಿನವರು ಹಾಲೇಶನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಅವರು ಇಳಿಸಿದ ಮೇಲೆ ಸಾಬರು ಜನರನ್ನು ದಾಟಿಕೊಂಡು ಅವನ ಮುಂದೆ ಹೋಗಿ ನಿಂತರು. ನಾನು ಹಿಂದೆಯೇ ಇದ್ದೆ.

"ಸಬಾಸ್ ಹಾಲೇಶ" ಎಂದರು.

ಅಷ್ಟೇ ಅಂದರು. ಹಾಲೇಶ ಅವರನ್ನು ನೋಡಿದ. ಮೈಮೇಲಿನ ಮಣ್ಣು ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಪಕ್ಕಕ್ಕೆ ಸರಿದು ನಡೆದುಬಿಟ್ಟ.

ಬಸ್ಸಿನವನು ಹಾರನ್ ಹೊಡೆದ. ನಾನು ಸಾಬರ ಕೈ ಹಿಡಿದೆ.

"ಬರ್ರಿ ಸಾಬ್ರೆ, ಹೊರಡ್ತಾರೆ."

"ನೀವು ಹೋಗ್ರಪ್ಪ. ನಾನು ಇಲ್ಲೇ ಇರ್ತೀನಿ."

"ಇಲ್ಲೇನು ಮಾಡ್ತೀರಿ? ಯಾರಿದ್ದಾರೆ ನಿಮಗೆ?"

"ಅವನು ಒಂದು ಮಾತಾಡ್ಲಿ. ಬೈದ್ರೂ ಆತು. ಆಮೇಲೆ ಬರ್ತೀನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ನಮ್ಮವರು ಊರು ಬರುವ ತನಕ ಆಟ ಯಾರಿಂದ ಹಾಳಾಯಿತು ಎಂದು ಜಗಳವಾಡಿದರು. ಹಿಂದಿನ ಸೀಟು ಖಾಲಿ ಇದ್ದದ್ದನ್ನು ಯಾರೂ ಕೇಳಲಿಲ್ಲ.

ಸಾಬರು ಬರಲಿಲ್ಲ. ಹುಣಸೆಮರದ ಕೆಳಗೆ ಬೇರೆ ಯಾರೋ ಸೀಮೆಎಣ್ಣೆ ಮಾರಲು ಕೂತರು. ಹಾಲೇಶ ಬಂದದ್ದು ತಾಯಿಗೆ ಹುಷಾರಿಲ್ಲ ಎಂದು ಕರೆಸಿದಾಗ. ನಾನೇ ಹೋಗಿ ಕೇಳಿದೆ.

"ಸಾಬ್ರು ಎಲ್ಲಿ?"

ಅವನು ಹೆಗಲ ಮೇಲಿನ ಬಟ್ಟೆ ಹಾಸಿ ಕಟ್ಟೆಯ ಮೇಲೆ ಕೂತ.

"ದಿನಾ ಬಂದು ಮಂಡಿ ಎದುರಿಗೆ ಕೂತ್ಕಳೋರು. ನಾನು ಚೀಲ ಹೊತ್ಕಂಡು ಅವರ ಮುಂದೇನೇ ಓಡಾಡ್ತಿದ್ದೆ. ಮಾತಾಡ್ಲಿಲ್ಲ. ನಾಳೆ ಮಾತಾಡನ ಅಂತಿದ್ದೆ. ಹಿಂಗೇ ಆತು."

"ಆಮೇಲೆ?"

"ಒಂದಿನ ಬರ್ಲಿಲ್ಲ. ಜ್ವರ ಬಂದಿತ್ತಂತೆ. ಮಸೀದಿಯೋರು ಮಣ್ಣು ಮಾಡಿದ್ರು."

"ನೀನು ಹೋಗಿದ್ದೇನೋ?"

"ಹೋಗಿದ್ದೆ."

"ಏನಾದ್ರೂ ಅಂದೆಯೇನು?"

"ಯಾರಿಗೆ ಅನ್ಲಿ?" ಎಂದ.

ಇಷ್ಟೇ. ನನ್ನ ಹತ್ತಿರ ಇನ್ನು ಹೇಳುವುದು ಏನೂ ಇಲ್ಲ.